ಓಲಾಡಿದ್ದು ನಕ್ಷತ್ರವೋ, ದೂರದರ್ಶಕವೋ?

ಹಾಸನದಲ್ಲಿ ಮೇ ತಿಂಗಳ ಮೊದಲ ವಾರ ಒಂದು ಮದುವೆ. ಮಧ್ಯಾಹ್ನ ಹನ್ನೆರಡೂವರೆಗೆ ಪುರೋಹಿತರು ವಧೂವರರನ್ನು ಕಲ್ಯಾಣ ಮಂಟಪದ ಬಾಗಿಲಾಚೆ ಕರೆತಂದು, ಉರಿಬಿಸಿಲಿನಲ್ಲಿ ಉತ್ತರಕ್ಕೆ ಕೈ ತೋರಿಸಿ, ‘ಅರುಂಧತಿ ಕಾಣಿಸ್ತೇನಮ್ಮಾ?’ ಎಂದರು. ‘ಹೂಂ, ಕಾಣಿಸ್ತು’ ಎಂದಳು ಹುಡುಗಿ. ಸುತ್ತ ನಿಂತವರಿಗೆಲ್ಲ ನಗು. ನಾನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಆ ಹೊತ್ತಿಗೆ ಅರುಂಧತಿ ದಿಗಂತದಿಂದ ಸುಮಾರು ಇಪ್ಪತ್ತು ಡಿಗ್ರಿ ಕೆಳಗೆ, ಅಂದರೆ ನೆಲದಡಿಯಲ್ಲಿದ್ದಳು! ರಾತ್ರಿ ಒಂಬತ್ತೂವರೆಗೆ ಅದೇ ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲ ಮೇಲೇರಿತ್ತು, ವಸಿಷ್ಠನಿಗೆ ಅಂಟಿಕೊಂಡಂತೆ ಆ ಮಂಕು ಚುಕ್ಕಿಯೂ ಇತ್ತು. ಆಗ ನೋಡಲು ಯಾರೂ ಇರಲಿಲ್ಲ, ಊಟದ ಪಂಕ್ತಿ ನಡೆದಿತ್ತು.

ಬರಿಗಣ್ಣಿಗೆ ಇಬ್ಬರಾಗಿ ಕಾಣುವ ಈ ದಂಪತಿ ನಿಜಕ್ಕೂ ದೊಡ್ಡ ಕೂಡುಕುಟುಂಬ. 1650ರ ಸುಮಾರಿಗೆ ಇಟಲಿಯ ರಿಚ್ಚೊಲಿ ವಸಿಷ್ಠನನ್ನು ದೂರದರ್ಶಕದಲ್ಲಿ ನೋಡಿ, ಅದೇ ಎರಡು ನಕ್ಷತ್ರ ಎಂದು ಬರೆದಿಟ್ಟ. ಆ ಎರಡರಲ್ಲಿ ಪ್ರತಿಯೊಂದೂ ಮತ್ತೆ ಎರಡು ಎಂದು ಆಮೇಲೆ ಗೊತ್ತಾಯಿತು. 2009ರಲ್ಲಿ ಅರುಂಧತಿಗೂ ಒಂದು ಪುಟ್ಟ ಸಂಗಾತಿ ಸಿಕ್ಕಿತು. ಒಟ್ಟು ಆರು. ಆಕಾಶದಲ್ಲಿ ಸೂರ್ಯನಂತೆ ಒಂಟಿಯಾಗಿರುವ ನಕ್ಷತ್ರಗಳ ಜೊತೆಗೆ ಇಂಥ ಜೋಡಿಗಳೂ ಧಾರಾಳವಾಗಿವೆ. ಅವು ಒಂದನ್ನೊಂದು ಹೇಗೆ ಸುತ್ತುತ್ತವೆ, ಎಷ್ಟು ವರ್ಷಕ್ಕೊಂದು ಸುತ್ತು ಎಂಬುದನ್ನು ಅಳೆಯುವ ಕೆಲಸಕ್ಕೆ ಇನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಅದರ ಅರ್ಧ ಭಾಗ ನಕ್ಷತ್ರಗಳ ಕಥೆಯಾದರೆ, ಉಳಿದರ್ಧ ಅಳೆಯುವವರು ತಮ್ಮ ಉಪಕರಣದ ದೋಷವನ್ನೇ ಆಕಾಶದ ಸುದ್ದಿ ಎಂದು ತಿಳಿದ ಕಥೆ.

ಇಲ್ಲಿ ಅಳತೆ ಎಂದರೆ ಕೋನದ ಅಳತೆ. ನಮ್ಮ ಪಂಚಾಂಗದವರಿಗೆ ಗೊತ್ತಿರುವ ಕಲೆ, ವಿಕಲೆಗಳೇ. ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಅರುಂಧತಿ–ವಸಿಷ್ಠರ ನಡುವೆ ಸುಮಾರು 12 ಕಲೆ, ಹಾಗಾಗಿ ಕಣ್ಣಿಗೆ ಬೇರೆ ಬೇರೆ ಕಾಣುತ್ತಾರೆ. ಆದರೆ ಒಂದನ್ನೊಂದು ಸುತ್ತುವ ಜೋಡಿಗಳ ನಡುವಿನ ಅಂತರ ಹೆಚ್ಚಾಗಿ ಕೆಲವೇ ವಿಕಲೆ. ಒಂದು ವಿಕಲೆ ಎಂದರೆ ಮೂರು ಕಿಲೋಮೀಟರ್ ಆಚೆಯ ತೋಟದಲ್ಲಿರುವ ಒಂದು ಕಾಫಿ ಹಣ್ಣು ನಮ್ಮ ಕಣ್ಣಿಗೆ ಕಾಣುವಷ್ಟು ಗಾತ್ರ. ವಿಕಲೆಯ ಸಾವಿರದಲ್ಲೊಂದು ಭಾಗ ಬೇಕೆಂದರೆ, ಚಿಕ್ಕಮಗಳೂರಿನಲ್ಲಿ ನಿಂತು ಶ್ರೀನಗರದಲ್ಲಿಟ್ಟ ಒಂದು ಕಾಫಿ ಬೀಜವನ್ನು ನೋಡಬೇಕು.

ಕಥೆಯ ಮೊದಲ ಪುಟಗಳಲ್ಲೊಂದು ನಮ್ಮ ಪಕ್ಕದ ಪುದುಚೇರಿಯಲ್ಲೇ ಇದೆ. 1689ರ ಡಿಸೆಂಬರ್‌ನಲ್ಲಿ ಜೆಸ್ವಿಟ್ ಪಾದ್ರಿ ಝಾಂ ರಿಶೋ ಅಲ್ಲಿಂದ ಧೂಮಕೇತುವೊಂದನ್ನು ನೋಡುತ್ತಿದ್ದಾಗ, ಆಲ್ಫಾ ಸೆಂಟಾರಿ ಎಂಬ ನಕ್ಷತ್ರ ಒಂದಲ್ಲ ಎರಡು ಎಂಬುದು ಕಣ್ಣಿಗೆ ಬಿತ್ತು. ಆಗ ಅದನ್ನು ಕಾಕತಾಳೀಯ ಎಂದೇ ತಿಳಿಯುತ್ತಿದ್ದರು: ಒಂದು ಹತ್ತಿರ, ಒಂದು ದೂರ, ಒಂದೇ ಗೆರೆಯಲ್ಲಿ ಬಂದಿವೆ ಅಷ್ಟೆ. ಇಷ್ಟೊಂದು ಜೋಡಿಗಳು ಕಾಕತಾಳೀಯವಾಗಿ ಬರುವುದು ಸಾಧ್ಯವಿಲ್ಲ ಎಂದು 1767ರಲ್ಲಿ ಜಾನ್ ಮಿಚೆಲ್ ಸಂಭವನೀಯತೆಯ ಲೆಕ್ಕದಿಂದ ವಾದಿಸಿದ. ವಿಲಿಯಂ ಹರ್ಷೆಲ್‌ಗೆ ಆ ವಾದದ ಗೊಡವೆ ಇರಲಿಲ್ಲ. ನಕ್ಷತ್ರಗಳ ದೂರ ಅಳೆಯುವುದಕ್ಕೆಂದು ಆತ 1779ರಿಂದ ಜೋಡಿಗಳ ಪಟ್ಟಿ ಮಾಡತೊಡಗಿದ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ದೂರದ್ದರ ಎದುರು ವರ್ಷಕ್ಕೊಮ್ಮೆ ಅತ್ತಿತ್ತ ಸರಿದಂತೆ ಕಾಣಬೇಕು, ಆ ಸರಿತದಿಂದ ದೂರ ತಿಳಿಯಬಹುದು ಎಂಬುದು ಅವನ ಯೋಚನೆ. ಸರಿತವೇನೋ ಸಿಕ್ಕಿತು, ಆದರೆ ವರ್ಷದ ಲಯಕ್ಕೆ ಅದು ಹೊಂದಲಿಲ್ಲ. ಎರಡು ದಶಕಗಳ ನಂತರ ಹಳೆಯ ಟಿಪ್ಪಣಿ ತೆಗೆದು ಮತ್ತೆ ಅಳೆದಾಗ, ನಮ್ಮ ಪುನರ್ವಸುವಿನ ಎರಡು ತಾರೆಗಳಲ್ಲಿ ಒಂದಾದ ಕ್ಯಾಸ್ಟರ್‌ನ ಜೋಡಿ ತನ್ನ ದಿಕ್ಕನ್ನೇ ಬದಲಿಸಿತ್ತು. ಅವು ಒಂದನ್ನೊಂದು ಸುತ್ತುತ್ತಿವೆ ಎಂದು 1803ರಲ್ಲಿ ಆತ ಪ್ರಕಟಿಸಿದ. ನ್ಯೂಟನ್ನನ ಗುರುತ್ವ ಸೌರವ್ಯೂಹದಾಚೆಗೂ ನಡೆಯುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಕಣ್ಣೆದುರಿನ ಸಾಕ್ಷಿ ಅದು.

ಹಾಸನದವರಿಗೆ ಕಕ್ಷೆ ಹೊಸ ಮಾತಲ್ಲ. ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ಬೋಗುಣಿ ಆಂಟೆನಾಗಳನ್ನು ನೋಡುತ್ತಲೇ ನಾವು ಬೆಳೆದದ್ದು. 1982ರಿಂದ ಇಸ್ರೋದ ಭೂಸ್ಥಿರ ಉಪಗ್ರಹಗಳ ಕಕ್ಷೆಯನ್ನು ಇಲ್ಲಿಂದ ತಿದ್ದುತ್ತಾರೆ. ಅವರಿಗೊಂದು ಅನುಕೂಲವಿದೆ: ಸಂಕೇತ ಕಳಿಸಿ, ಅದು ಮರಳಲು ಹಿಡಿದ ಸಮಯದಿಂದ ದೂರ ಎಷ್ಟೆಂದು ಉಪಗ್ರಹದಿಂದಲೇ ತಿಳಿಯಬಹುದು. ನಕ್ಷತ್ರ ಉತ್ತರ ಕೊಡುವುದಿಲ್ಲ. ಜೇಡರ ಬಲೆಯ ಎಳೆ ಬಿಗಿದ ಮೈಕ್ರೋಮೀಟರಿನಲ್ಲಿ ಕಣ್ಣಿಟ್ಟು, ಜೋಡಿಯ ನಡುವಿನ ಅಂತರ, ಒಂದರಿಂದ ಇನ್ನೊಂದು ಇರುವ ದಿಕ್ಕು, ಇವೆರಡನ್ನು ಬರೆದುಕೊಳ್ಳುವುದಷ್ಟೇ ಅಂದಿನವರ ಕೈಲಿದ್ದದ್ದು. ಅದೂ ಓರೆಯಾಗಿ ಹಿಡಿದ ಬಳೆಯಂತೆ, ಕಕ್ಷೆಯ ನಿಜವಾದ ಆಕಾರ ನಮಗೆ ಕಾಣುವುದಿಲ್ಲ. ಈ ಓರೆಯನ್ನು ಬಿಡಿಸಿ ಮೊದಲ ಕಕ್ಷೆ ಲೆಕ್ಕ ಹಾಕಿದವನು ಫ್ರಾನ್ಸಿನ ಫೆಲಿಕ್ಸ್ ಸಾವರಿ, 1827ರಲ್ಲಿ.

ಇಷ್ಟೆಲ್ಲ ಪಾಡು ಯಾಕೆಂದರೆ, ನಕ್ಷತ್ರವನ್ನು ತೂಗಲು ನಮಗಿರುವ ನಂಬಿಕೆಯ ತಕ್ಕಡಿ ಇದೇ. ಲುಬ್ಧಕನ (ಸಿರಿಯಸ್ ನಕ್ಷತ್ರದ) ಉದಾಹರಣೆ ತೆಗೆದುಕೊಳ್ಳಿ. ಅದರ ಜೋಡಿಯ ಸರಾಸರಿ ಅಂತರ ಸುಮಾರು 7.5 ವಿಕಲೆ. 8.6 ಜ್ಯೋತಿರ್ವರ್ಷ ದೂರದಲ್ಲಿ ಇದು ಸೂರ್ಯ–ಭೂಮಿ ನಡುವಿನ ದೂರದ 19.8 ಪಟ್ಟು. ಒಂದು ಸುತ್ತಿಗೆ 50.1 ವರ್ಷ. 19.8ರ ಘನವನ್ನು 50.1ರ ವರ್ಗದಿಂದ ಭಾಗಿಸಿದರೆ 3.1 ಬರುತ್ತದೆ: ಎರಡೂ ಸೇರಿ ಮೂರು ಸೂರ್ಯರ ತೂಕ. ಕೆಪ್ಲರನ ಮೂರನೆಯ ನಿಯಮ ಅಷ್ಟು ಸರಳ. ಅಪಾಯವೂ ಅದರಲ್ಲೇ ಇದೆ, ಘನ ಮಾಡುವುದರಿಂದ ದೂರದಲ್ಲಿ ನೂರಕ್ಕೆ ಒಂದು ತಪ್ಪಿದರೆ ತೂಕದಲ್ಲಿ ನೂರಕ್ಕೆ ಮೂರು ತಪ್ಪುತ್ತದೆ.

ಲುಬ್ಧಕನ ಆ ಎರಡನೆಯದು ಕಾಣುವುದಕ್ಕೆ ಮೊದಲೇ ಸಿಕ್ಕಿಬಿದ್ದಿತ್ತು. 1838ರಲ್ಲಿ ಮೊದಲ ಬಾರಿಗೆ ನಕ್ಷತ್ರವೊಂದರ ದೂರ ಅಳೆದು ಹೆಸರಾಗಿದ್ದ ಬೆಸೆಲ್, ಲುಬ್ಧಕ ಆಕಾಶದಲ್ಲಿ ನೇರ ಗೆರೆಯಲ್ಲಿ ಸಾಗದೆ ಅಲೆಅಲೆಯಾಗಿ ಸಾಗುತ್ತಿದೆ, ಕಾಣದ ಯಾವುದೋ ಅದನ್ನು ಎಳೆಯುತ್ತಿದೆ ಎಂದು 1844ರಲ್ಲಿ ಘೋಷಿಸಿದ. ಅವನು ಸತ್ತು ಹದಿನಾರು ವರ್ಷಕ್ಕೆ, 1862ರ ಜನವರಿಯಲ್ಲಿ, ಹೊಸ ಮಸೂರವೊಂದನ್ನು ಪರೀಕ್ಷಿಸುತ್ತಿದ್ದ ಆಲ್ವನ್ ಗ್ರಹಾಂ ಕ್ಲಾರ್ಕ್‌ಗೆ ಲುಬ್ಧಕನ ಝಗಝಗದ ಪಕ್ಕ ಆ ಮಂಕು ಚುಕ್ಕಿ ಕಂಡಿತು. ಗಾತ್ರ ಭೂಮಿಯಷ್ಟು, ತೂಕ ಸೂರ್ಯನಷ್ಟು!

ಬೆಸೆಲ್‌ನ ಗೆಲುವು ಇತರರಿಗೂ ಆಸೆ ಹುಟ್ಟಿಸಿತು. ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ, ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ವಿಲಿಯಂ ಸ್ಟೀಫನ್ ಜೇಕಬ್ ಕೂಡ ಜೋಡಿಗಳನ್ನು ಅಳೆಯುತ್ತಿದ್ದ. ಹದಿನಾರೂವರೆ ಜ್ಯೋತಿರ್ವರ್ಷ ದೂರದ 70 ಒಫಿಯೂಕಿ ಎಂಬ ಜೋಡಿ ಲೆಕ್ಕ ಹಾಕಿದ ಕಕ್ಷೆಗೆ ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲೊಂದು ಗ್ರಹ ಇರುವುದು ತುಂಬ ಸಂಭವನೀಯ ಎಂದು 1855ರಲ್ಲಿ ಜೇಕಬ್ ಬರೆದ. ಬೇರೆ ಸೂರ್ಯನ ಸುತ್ತಲಿನ ಗ್ರಹಕ್ಕೆ ಅಳತೆಯ ಆಧಾರ ಕೊಟ್ಟು ವಾದಿಸಿದ ಮೊದಲಿಗರಲ್ಲಿ ಒಬ್ಬ ಹೀಗೆ ಚೆನ್ನೈಯಲ್ಲಿ ಕೂತಿದ್ದವನು. ಅವನನ್ನು ನೋಡಿ ನಗುವುದು ಸುಲಭ, ನನಗೆ ಮನಸ್ಸಾಗುವುದಿಲ್ಲ. ಆ ಜೋಡಿಯ ಒಂದು ಸುತ್ತಿಗೆ 88 ವರ್ಷ ಬೇಕು. ಹರ್ಷೆಲ್ ಅದನ್ನು ಮೊದಲು ಗುರುತಿಸಿದ್ದು 1779ರಲ್ಲಿ. ಜೇಕಬ್ ಬರೆಯುವ ಹೊತ್ತಿಗೆ ಮನುಷ್ಯರು ಅದರ ಒಂದು ಪೂರ್ತಿ ಪ್ರದಕ್ಷಿಣೆಯನ್ನೂ ನೋಡಿರಲಿಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ಕಣ್ಣು, ಬೇರೆ ಬೇರೆ ಮಸೂರದ ಅಳತೆಗಳನ್ನು ಹೊಲಿದು ಒಂದೇ ಗೆರೆ ಎಳೆಯಬೇಕಿತ್ತು. ಹೊಲಿಗೆಯ ಗಂಟೇ ಗ್ರಹವಾಗಿ ಕಂಡಿತು. 1896ರಲ್ಲಿ ಅಮೆರಿಕದ ಟಿ.ಜೆ.ಜೆ. ಸೀ ಅದೇ ವಾದವನ್ನು ಮತ್ತೆ ಎತ್ತಿದ. ಅಂಥ ಮೂರನೆಯ ಕಾಯ ಆ ಕಕ್ಷೆಯಲ್ಲಿ ಉಳಿಯಲಾರದು ಎಂದು 1899ರಲ್ಲಿ ಮೌಲ್ಟನ್ ಲೆಕ್ಕ ಮಾಡಿ ತೋರಿಸಿದ. ಜೇಕಬ್ ಅಷ್ಟರಲ್ಲಿ ಇರಲಿಲ್ಲ. ಪುಣೆಯ ಬಳಿ ಬೆಟ್ಟದ ಮೇಲೆ ವೀಕ್ಷಣಾಲಯ ಮಾಡಬೇಕೆಂದು 1862ರಲ್ಲಿ ಮತ್ತೆ ಭಾರತಕ್ಕೆ ಬಂದವನು ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದ.

ನೂರು ವರ್ಷದ ಮೇಲೂ ಇದೇ ನಡೆಯಿತು. ಬರ್ನಾರ್ಡ್ ನಕ್ಷತ್ರದ ಓಲಾಟದಲ್ಲಿ ಗ್ರಹ ಕಂಡೆನೆಂದು 1963ರಲ್ಲಿ ಪೀಟರ್ ವಾನ್ ಡಿ ಕ್ಯಾಂಪ್ ಹೇಳಿದ. ಅವನ ದೂರದರ್ಶಕದ ಮಸೂರದ ಚೌಕಟ್ಟನ್ನು 1949ರಲ್ಲಿ ಬದಲಿಸಿದ್ದರು. ಅದೇ ಸಮಯಕ್ಕೆ ಇತರ ನಕ್ಷತ್ರಗಳೂ ‘ಓಲಾಡಿದ್ದವು’.

ಹಾಗಾದರೆ ನಡುಗುವ ಗಾಳಿಯನ್ನೂ ಬಾಗುವ ಕೊಳವೆಯನ್ನೂ ಬಿಟ್ಟು ಮೇಲೆ ಹೋಗಬೇಕು. 1989ರ ಆಗಸ್ಟ್‌ನಲ್ಲಿ ನಕ್ಷತ್ರಗಳನ್ನು ಅಳೆಯುವ ಯುರೋಪಿನ ಉಪಗ್ರಹ ಹಿಪ್ಪಾರ್ಕೋಸ್ ಹಾರಿತು. ಕಕ್ಷೆ ಎತ್ತರಿಸುವ ಮೋಟಾರು ಹೊತ್ತಿಕೊಳ್ಳಲೇ ಇಲ್ಲ. ಎಂಸಿಎಫ್‌ನವರು ಪ್ರತಿ ಹೊಸ ಉಪಗ್ರಹಕ್ಕೂ ಉಸಿರು ಬಿಗಿಹಿಡಿದು ಕಾಯುವ ಗಳಿಗೆ ಅದು. 2025ರ ಜನವರಿಯಲ್ಲಿ ಎನ್‌ವಿಎಸ್-02 ಉಪಗ್ರಹಕ್ಕೂ ಕವಾಟ ತೆರೆಯದೆ ಕಕ್ಷೆ ಏರಿಸಲಾಗಲಿಲ್ಲ. ತಪ್ಪಿದ ಕಕ್ಷೆಯಲ್ಲೇ ಸುತ್ತುತ್ತ ಹಿಪ್ಪಾರ್ಕೋಸ್ 1993ರವರೆಗೆ ದುಡಿದು, 1,18,218 ನಕ್ಷತ್ರಗಳನ್ನು ವಿಕಲೆಯ ಸಾವಿರದಲ್ಲೊಂದು ಭಾಗದಷ್ಟು ನಿಖರವಾಗಿ ಅಳೆದುಕೊಟ್ಟಿತು. 2013ರ ಡಿಸೆಂಬರ್ 19ರಂದು ಹಾರಿದ ಯುರೋಪಿನ ಮತ್ತೊಂದು ನೌಕೆ ಗಾಯಾ, ಶ್ರೀನಗರದ ಕಾಫಿ ಬೀಜವನ್ನು ನಲವತ್ತು ಚೂರು ಮಾಡಿದರೆ ಒಂದು ಚೂರಿನಷ್ಟು ಸೂಕ್ಷ್ಮಕ್ಕೆ ಇಳಿಯಿತು. 2022ರ ಅದರ ಪಟ್ಟಿಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜೋಡಿಗಳಿವೆ. 2024ರಲ್ಲಿ, ಒಂಟಿಯಂತೆ ಕಂಡ ನಕ್ಷತ್ರವೊಂದರ ಓಲಾಟದಿಂದ 33 ಸೂರ್ಯರ ತೂಕದ ಕಪ್ಪುಕುಳಿಯೇ ಹೊರಬಿತ್ತು. ಅಲ್ಲಿ ಒಂದು ಸುತ್ತಿಗೆ 11.6 ವರ್ಷ, ಹೆಚ್ಚುಕಡಿಮೆ ಶ್ರವಣಬೆಳಗೊಳದ ಒಂದು ಮಹಾಮಸ್ತಕಾಭಿಷೇಕದಿಂದ ಇನ್ನೊಂದಕ್ಕೆ.

ಆದರೆ ಗಾಯಾಕ್ಕೆ ತೀರ ಹೊಳೆಯುವವನ್ನು ಕಂಡರೆ ಕಣ್ಣು ಕೋರೈಸುತ್ತಿತ್ತು. ಹಾಗಾಗಿ ನಮಗೆ ಹತ್ತಿರದ ಜೋಡಿಗಳಾದ ಲುಬ್ಧಕ, ಆಲ್ಫಾ ಸೆಂಟಾರಿಗಳೇ ಅದರ ಕೈಗೆ ಸರಿಯಾಗಿ ಸಿಗಲಿಲ್ಲ. ಲುಬ್ಧಕನ ಇಂದಿನ ನಿಖರ ಕಕ್ಷೆ ಬಂದದ್ದು ಹಬಲ್‌ನ ಸುಮಾರು ಇಪ್ಪತ್ತು ವರ್ಷದ ಚಿತ್ರಗಳನ್ನು ಹತ್ತೊಂಬತ್ತನೆಯ ಶತಮಾನದ ಮೈಕ್ರೋಮೀಟರ್ ಅಳತೆಗಳ ಜೊತೆ ಸೇರಿಸಿ. ಆಲ್ಫಾ ಸೆಂಟಾರಿಗೆ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕ ನೆರವಾಯಿತು: ಒಂದು ಸುತ್ತಿಗೆ 79.8 ವರ್ಷ, ತೂಕ ಕ್ರಮವಾಗಿ 1.08 ಮತ್ತು 0.91 ಸೂರ್ಯ.

ಈ ಕೊನೆಯ ಜೋಡಿಯನ್ನು ನೋಡಲು ಹಾಸನದಿಂದ ಎಲ್ಲೂ ಹೋಗಬೇಕಿಲ್ಲ. ದೆಹಲಿಯವರಿಗೆ ದಿಗಂತಕ್ಕೆ ತಾಗಿಕೊಂಡೇ ಮುಳುಗಿಬಿಡುವ ನಕ್ಷತ್ರ, ನಮಗೆ 16 ಡಿಗ್ರಿ ಎತ್ತರಕ್ಕೆ ಬರುತ್ತದೆ. ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು. ಮೇ ತಿಂಗಳಲ್ಲಿ, ಮುಂಗಾರಿನ ಮೋಡ ಮುಸುಕುವ ಮೊದಲು, ನಡುರಾತ್ರಿಯ ಆಸುಪಾಸು ನೇರ ದಕ್ಷಿಣಕ್ಕೆ ನೋಡಿ. ತ್ರಿಶಂಕುವಿನ ಎಡಕ್ಕೆ ಎರಡು ಪ್ರಖರ ನಕ್ಷತ್ರಗಳಿರುತ್ತವೆ, ಅವುಗಳಲ್ಲಿ ಎಡತುದಿಯದು. 2016ರಲ್ಲಿ ಜೋಡಿಯ ನಡುವೆ ಕಂಡ ಅಂತರ ಬರೀ 4 ವಿಕಲೆ. ಅಲ್ಲಿಂದೀಚೆಗೆ ಹೆಚ್ಚುತ್ತಾ ಬಂದಿದೆ, 2029ರ ಸುಮಾರಿಗೆ 10 ದಾಟಲಿದೆ. ಮೂರಂಗುಲದ ದೂರದರ್ಶಕ ಸಾಕು, ಎರಡು ಹಳದಿ ಚುಕ್ಕಿ ಬೇರೆ ಬೇರೆ ಕಾಣುತ್ತವೆ.