ಒಣಗಿದ ಗಿಡ ಅಂದ್ರೆ ಸುಲಭದ ಕೆಲಸ ಅಲ್ಲ

ಫೋನ್ ಮಾಡುವವರು ಹೇಳುವ ಮಾತು ಒಂದೇ. "ಒಣಗಿದ ಗಿಡ ಐತ್ರಿ ಅಣ್ಣಾರ, ಅರ್ಧ ತಾಸಿನ ಕೆಲಸ. ರೊಕ್ಕ ಸ್ವಲ್ಪ ಕಡಿಮಿ ಮಾಡ್ರಿ." ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆ ಗಿಡ ಕೊಯ್ಯುವ ಮಷಿನ್ ಹಿಡಿದು ಓಡಾಡುವ ನನಗೆ ಈ ಮಾತು ಕೇಳಿದರೆ ಸಿಟ್ಟೇ ಬರುತ್ತದೆ. ಹಸಿ ಗಿಡಕ್ಕಿಂತ ಒಣಗಿದ್ದಕ್ಕೇ ನಾನು ಜಾಸ್ತಿ ಹೆದರುವುದು.

ಯಾಕೆ ಅಂತ ಹೇಳುತ್ತೇನೆ. ಗಿಡ ಬೀಳಬೇಕಾದ ಕಡೆಗೆ ಮೊದಲು ಬಾಯಿ ತೆಗೆಯುತ್ತೇವೆ, ಅಂದ್ರೆ ಬೊಡ್ಡೆಯಿಂದ ಒಂದು ತುಂಡು ಕೊಯ್ದು ತೆಗೆಯುತ್ತೇವೆ. ಆಮೇಲೆ ಹಿಂದಿನಿಂದ ಕೊಯ್ಯುತ್ತೇವೆ. ಎರಡರ ನಡುವೆ ಒಂದು ಪಟ್ಟಿ ಕಟ್ಟಿಗೆ ಕೊಯ್ಯದೆ ಬಿಡುತ್ತೇವೆ, 2 ಅಡಿ ದಪ್ಪದ ಬೊಡ್ಡೆಗೆ ಸುಮಾರು ಎರಡೂವರೆ ಇಂಚು. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ ಅದು. ಗಿಡ ಎತ್ತ ವಾಲಬೇಕು ಅನ್ನುವುದನ್ನು ಕೊನೆತನಕ ಹಿಡಿದಿಡುವುದು ಆ ಪಟ್ಟಿಯೇ. ಹಸಿ ಕಟ್ಟಿಗೆಯ ನಾರು ಬಾಗುತ್ತದೆ, ನಿಧಾನ ಹರಿಯುತ್ತದೆ. ಒಣ ನಾರು ಬಾಗುವುದಿಲ್ಲ. ಹೊಲದಲ್ಲಿ ಒಣಗಿದ ತೊಗರಿ ಕಟ್ಟಿಗೆ ಬಾಗಿಸಿ ನೋಡಿ, ಲಟಕ್ ಅಂತ ಮುರಿಯುತ್ತೆ ಅಲ್ವಾ? ಪಟ್ಟಿ ಹಾಗೆ ಮುರಿದರೆ ಗಿಡ ಎತ್ತ ಬೇಕಾದರೂ ಬೀಳಬಹುದು. ಒಳಗೆ ಗೆದ್ದಲು ತಿಂದಿದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಅದಕ್ಕೇ ಮೊದಲು ಕೊಡಲಿಯ ಹಿಂಬದಿಯಿಂದ ಬೊಡ್ಡೆ ಸುತ್ತ ಬಡಿದು ಸದ್ದು ಕೇಳುತ್ತೇನೆ. ಟೊಳ್ಳು ಸದ್ದು ಬಂದರೆ ಬಹಳ ಸಲ ಕೆಲಸ ಒಪ್ಪುವುದೇ ಇಲ್ಲ.

"ತುದಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರ್ ಹಚ್ಚಿ ಜಗ್ಗೋಣು" ಅನ್ನುತ್ತಾರೆ. ದಯವಿಟ್ಟು ಬೇಡ. ಜಗ್ಗಿದ ಹೊಡೆತಕ್ಕೆ ತುದಿಯಷ್ಟೇ ಮುರಿದು ಮಷಿನ್ ಹಿಡಿದವನ ತಲೆ ಮೇಲೆ ಬರುತ್ತದೆ. ಹಗ್ಗ ಕಟ್ಟಲು ಹುಡುಗರನ್ನು ಹತ್ತಿಸುವುದಂತೂ ಬೇಡವೇ ಬೇಡ.

ಮುಧೋಳದ ಹತ್ತಿರ ಒಂದು ಹುಣಸೆ. ಒಣಗಿ 3 ವರ್ಷ ಆಗಿತ್ತು. ಗಿಡದ ಎತ್ತರದ ಎರಡು ಪಟ್ಟು ದೂರ ಎಲ್ಲರನ್ನೂ ನಿಲ್ಲಿಸಿದ್ದೆ. ಮನೆಯ ಅಜ್ಜಾರು ಪ್ರೀತಿಯಿಂದ ಚಹಾ ಹಿಡಿದುಕೊಂಡು ನೇರ ಗಿಡದ ಕೆಳಗೇ ಬಂದುಬಿಟ್ಟರು. ಮಷಿನ್ ಬಂದ್ ಮಾಡಿ, ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ. "ಏನೂ ಆಗೂದಿಲ್ಲೋ ತಮ್ಮಾ" ಅಂದರು. ವಾಪಸ್ ಬಂದು ಹಿಂದೆ ಕೊಯ್ದ ಸಂದಿಗೆ ಇಟ್ಟ ಬೆಣೆಗೆ ನಾಲ್ಕು ಏಟು ಹಾಕಿದ್ದೆ ಅಷ್ಟೇ, ಆ ನಡುಕಕ್ಕೆ ತೊಡೆ ದಪ್ಪದ ಟೊಂಗೆ ಕಳಚಿ ಅಜ್ಜಾರು ಚಹಾ ಹಿಡಿದು ನಿಂತಿದ್ದ ಜಾಗದಲ್ಲೇ ಬಿತ್ತು. ನಾನು ಪ್ರತಿ ಏಟಿಗೂ ಮೇಲೆ ನೋಡುವವನು, ಹಿಂದೆ ಓರೆಯಾಗಿ ಓಡುವ ದಾರಿ ಮೊದಲೇ ಸವರಿಟ್ಟಿದ್ದೆ, ಅದಕ್ಕೆ ಉಳಿದೆ. ಚಹಾ ಕುಡಿಯುವಾಗ ಇಬ್ಬರ ಕೈಯೂ ನಡುಗುತ್ತಿತ್ತು.

ಕಾಗದದ ಮಾತೂ ಇದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ, ಒಣಗಿದ್ದಾದರೂ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಇನ್ನು ಬೇವು. ತುದಿ ಟೊಂಗೆಗಳು ಕಂದಾಗಿ ಸುಟ್ಟ ಹಾಗೆ ಕಂಡ ಕೂಡಲೇ ಸತ್ತಿತು ಅಂತ ನನ್ನನ್ನು ಕರೆಯುತ್ತಾರೆ. ಅದು ಬಹಳ ಸಲ ತುದಿ ಒಣಗುವ ರೋಗ, ಗಿಡ ಮತ್ತೆ ಚಿಗುರುತ್ತದೆ. ಅಲ್ಲಲ್ಲಿ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಒಂದು ಮಳೆಗಾಲ ಬಿಡಿ, ಆಮೇಲೆ ಫೋನ್ ಮಾಡಿ.