ವಾಸ್ಕೋ ಡ ಗಾಮ ಮೊದಲು ಇಳಿದದ್ದು ಮಲ್ಪೆಯಲ್ಲಾ?

ಪ್ರಶ್ನೆ: ರಜೆಗೆ ಮಕ್ಕಳ ಜೊತೆ ಮಲ್ಪೆಗೆ ಹೊರಟಿದ್ದೇವೆ. ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಅಲ್ಲಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಅಂತಾರೆ. ನಿಜವಾ?

ಇಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ರಜೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಉತ್ತರ ಓದಿದವರೂ "ಆದ್ರೂ ಎಲ್ರೂ ಹಾಗೇ ಹೇಳ್ತಾರಲ್ಲ" ಅನ್ನುತ್ತಾರೆ. ಹಾಗಾಗಿ ಈ ಸಲ ತಾರೀಖು ಹಿಡಿದೇ ಹೇಳುತ್ತೇನೆ.

ಗಾಮ ಆಫ್ರಿಕಾದ ಮಲಿಂದಿ ಬಂದರು ಬಿಟ್ಟದ್ದು 1498ರ ಏಪ್ರಿಲ್ 24ಕ್ಕೆ. ದಾರಿ ಬಲ್ಲ ನಾವಿಕನೊಬ್ಬನನ್ನು ಅಲ್ಲಿಯ ರಾಜ ಜೊತೆಗೆ ಕೊಟ್ಟಿದ್ದ. ಬೆನ್ನಿಗೆ ಮುಂಗಾರಿನ ಗಾಳಿ. 23 ದಿನ ಬರೀ ನೀರು, ಆಮೇಲೆ ಗುಡ್ಡ ಕಂಡಿತು. ಮೇ 20ರಂದು ಹಡಗುಗಳು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದವು. ಮಲ್ಪೆ ಇರುವುದು ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಉತ್ತರಕ್ಕೆ. ಕಾಳುಮೆಣಸಿನ ಪೇಟೆಗೆ ನೇರ ಕರೆದುಕೊಂಡು ಹೋಗುತ್ತಿದ್ದವನು ಹಡಗನ್ನು ಸುಮ್ನೆ ಮಲ್ಪೆ ಕಡೆ ಯಾಕೆ ತಿರುಗಿಸಬೇಕು ಹೇಳಿ?

ಹಾಗಂತ ಕತೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ. ಕಲ್ಲಿಕೋಟೆಯ ಸಾಮೂದಿರಿ ರಾಜನ ಜೊತೆ ಮನಸ್ತಾಪವಾಗಿ, ಆಗಸ್ಟ್ ಕೊನೆಯಲ್ಲಿ ಗಾಮ ಅಲ್ಲಿಂದ ಹೊರಟ. ಕರಾವಳಿಯ ಗುಂಟ ಉತ್ತರಕ್ಕೆ ಬಂದ. ಆ ಪ್ರಯಾಣದಲ್ಲಿದ್ದ ಒಬ್ಬಾತ ಬರೆದಿಟ್ಟ ದಿನಚರಿ ಉಳಿದಿದೆ, ಬರೆದವನ ಹೆಸರು ಅದರಲ್ಲಿಲ್ಲ. ಸೆಪ್ಟೆಂಬರ್ 15ರ ಹೊತ್ತಿನ ಸಂಗತಿ ಅದರಲ್ಲಿ ಹೀಗಿದೆ: ದಡದಿಂದ ಸ್ವಲ್ಪ ದೂರದ ದ್ವೀಪಗಳ ಹತ್ತಿರ ದೋಣಿಯವರು ಮೀನು ಮಾರಲು ಬಂದರು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ. ದ್ವೀಪದಲ್ಲಿ ಒಂದು ಕಂಬ ನೆಡಬಹುದಾ ಎಂದು ಕೇಳಿದ. ಧಾರಾಳವಾಗಿ ನೆಡಿ, ನೀವೂ ನಮ್ಮ ಹಾಗೆ ಕ್ರೈಸ್ತರೇ ಎಂದು ಅದರಿಂದ ಗೊತ್ತಾಗುತ್ತದೆ ಅಂದರಂತೆ ಮೀನುಗಾರರು!

ನಮ್ಮ ಕರಾವಳಿಯವರು ನಿಜಕ್ಕೂ ಏನು ಅಂದರೋ, ಇವರ ಕಿವಿಗೆ ಏನು ಬಿತ್ತೋ. ಕಲ್ಲಿಕೋಟೆಯಲ್ಲಿ ದೇವಸ್ಥಾನಕ್ಕೆ ಹೋಗಿ, ಚರ್ಚ್ ಅಂದುಕೊಂಡು ಪ್ರಾರ್ಥನೆ ಮಾಡಿ ಬಂದವರು ಇವರೇ ಅಲ್ವಾ? ಇರಲಿ. ಕಂಬಕ್ಕೆ ಸಾಂತಾ ಮರಿಯಾ ಎಂದು ಹೆಸರಿಟ್ಟರು. ಆ ದ್ವೀಪ ಮಲ್ಪೆಯದ್ದೇ ಎಂದು ಹೆಚ್ಚಿನವರು ಗುರುತಿಸುತ್ತಾರೆ, ಸೇಂಟ್ ಮೇರೀಸ್ ಹೆಸರೂ ಅಲ್ಲಿಂದಲೇ ಬಂದದ್ದು ಎನ್ನುತ್ತಾರೆ.

ಅಂದರೆ ಬಂದಿದ್ದರೂ ವಾಪಸ್ ಹೋಗುವಾಗ. ಭಾರತಕ್ಕೆ ಬಂದು ನಾಲ್ಕು ತಿಂಗಳಾಗುತ್ತಾ ಬಂದಿತ್ತು. ಆಮೇಲೆ ಕಾರವಾರದ ಹತ್ತಿರದ ಅಂಜದೀವದಲ್ಲಿ ಹಡಗು ರಿಪೇರಿ ಮಾಡಿಕೊಂಡು, ಅಕ್ಟೋಬರ್ 5ಕ್ಕೆ ಆಫ್ರಿಕಾದತ್ತ ಹೊರಟರು. ಗಾಳಿ ಇನ್ನೂ ತಿರುಗಿರಲಿಲ್ಲ. ಬರುವಾಗ 23 ದಿನ ಹಿಡಿದ ಸಮುದ್ರಕ್ಕೆ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಊದುವ ರೋಗಕ್ಕೆ ಎಷ್ಟೋ ಜನ ದಾರಿಯಲ್ಲೇ ಸತ್ತರು.

ಅವನು ನೆಟ್ಟ ಕಂಬ ಇವತ್ತು ದ್ವೀಪದಲ್ಲಿಲ್ಲ. ಅಲ್ಲಿರುವ ಕಲ್ಲಿನ ಕಂಬಗಳನ್ನು ತೋರಿಸಿ, ಗಾಮ ನಿಲ್ಲಿಸಿದ್ದು ಎಂದು ಮಕ್ಕಳಿಗೆ ದಯವಿಟ್ಟು ಹೇಳಬೇಡಿ. ಆ ಕಂಬಗಳ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಗಾಮನಿಗೆ ಐನೂರು ಚಿಲ್ಲರೆ ವರ್ಷ, ಕಲ್ಲಿಗೆ ಸುಮಾರು 8.8 ಕೋಟಿ ವರ್ಷ! ಆಗ ಭಾರತವೂ ಮಡಗಾಸ್ಕರೂ ಒಂದೇ ನೆಲದ ತುಂಡಾಗಿದ್ದವು. ಅವೆರಡೂ ಸೀಳಿ ಬೇರೆಯಾಗುವ ಹೊತ್ತಿಗೆ ಒಳಗಿಂದ ಉಕ್ಕಿದ ಲಾವಾ ಇದು. ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಒಣಗಿದ ಕೆರೆಯ ಕೆಸರಿನ ಹಾಗೆ ಬಿರಿಯುತ್ತದೆ. ಬಿರುಕು ಮೇಲಿಂದ ಕೆಳಗಿಳಿಯುತ್ತಾ ಹೋದರೆ ಕಂಬ ತಯಾರು. ಒಂದರ ತಲೆ ಮೇಲೆ ಕೈಯಾಡಿಸಿ ಮೂಲೆ ಎಣಿಸಿ. ಆರು ಮೂಲೆಯವು ಬೇಕಾದಷ್ಟಿವೆ, ಐದರವೂ ಏಳರವೂ ಸಿಗುತ್ತವೆ. ಮಕ್ಕಳಿಗೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಇದನ್ನು ಬಸಾಲ್ಟ್, ಅಂದರೆ ಕಪ್ಪು ಲಾವಾ ಕಲ್ಲು, ಅನ್ನುವುದು ರೂಢಿ. ಆದರೆ ಇದರಲ್ಲಿ ಸಿಲಿಕಾ (ಮರಳಿನಲ್ಲಿರುವ ಅಂಶ) ಜಾಸ್ತಿ, ಇದು ರಯೊಲೈಟ್ ಎಂಬ ಬೇರೆ ಲಾವಾ ಕಲ್ಲಿನ ಗುಂಪಿನದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಕಾಣುವ ಕಪ್ಪು ಲಾವಾ ಕಲ್ಲಿಗೂ ಇದಕ್ಕೂ ನಂಟಿಲ್ಲ. ಅದು ಇದಕ್ಕಿಂತ ಎರಡು ಕೋಟಿ ವರ್ಷಕ್ಕೂ ಚಿಕ್ಕದು. ಇದರ ವಾರಗೆಯ ಲಾವಾ ಕಲ್ಲು ನೋಡಬೇಕೆಂದರೆ ಮಡಗಾಸ್ಕರಿಗೇ ಹೋಗಬೇಕು.

ಅಷ್ಟು ದೂರ ಬೇಡ ಅನ್ನುವವರು ಮಲ್ಪೆಯಿಂದ ಬೋಟ್ ಹತ್ತಿ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ದಡದಲ್ಲಿ ಮರಳಿಗಿಂತ ಒಡೆದ ಚಿಪ್ಪೇ ಜಾಸ್ತಿ, ಹಾಗಾಗಿ ಮಕ್ಕಳ ಚಪ್ಪಲಿ ಬಿಚ್ಚಿಸಬೇಡಿ.