ಕೇಪ್‌ಟೌನ್ ಗಿಡಕ್ಕೆ ಮೈಸೂರು ಬೋರ್‌ವೆಲ್ ನೀರು

ಎರಿಕಾ ಎಂಬ ಹೂವಿನ ಪೊದೆಗಿಡ ಮೈಸೂರಿನಲ್ಲಿ ಬರುತ್ತಾ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು: ಸುಮ್ನೆ ದುಡ್ಡು ದಂಡ ಮಾಡಿಕೊಳ್ಳಬೇಡಿ. ಆದರೂ ಆನ್‌ಲೈನಲ್ಲಿ ಫೋಟೋ ನೋಡಿ ತರಿಸಿಕೊಂಡವರು ಒಂದೆರಡು ತಿಂಗಳಿಗೆ ಕುಂಡ ಹಿಡಿದುಕೊಂಡು ನರ್ಸರಿಗೆ ಬರುತ್ತಾರೆ. "ಹಸಿರಾಗೇ ಇದೆ ಸಾರ್, ಆದ್ರೆ ಚಿಗುರ್ತಾ ಇಲ್ಲ." ಕೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ಸವರಿದರೆ ಸೂಜಿಯಂಥ ಎಲೆಗಳು ಪರಪರ ಉದುರುತ್ತವೆ. ಗಿಡ ಸತ್ತು ಎಷ್ಟೋ ದಿನ ಆಗಿರುತ್ತದೆ. ಇದರ ಎಲೆ ಬಾಡಿ ಜೋತು ಬೀಳುವುದಿಲ್ಲ, ನಿಂತ ಹಾಗೇ ಒಣಗುತ್ತದೆ. ಕುಂಡದ ಅಂಚು ನೋಡಿದರೆ ಕಾರಣವೂ ಅಲ್ಲೇ ಕಾಣುತ್ತದೆ. ಬೋರ್‌ವೆಲ್ ನೀರಿನ ಬಿಳಿ ಪೊರೆ.

ಎರಿಕಾದಲ್ಲಿ ಸುಮಾರು 800 ಜಾತಿಗಳಿವೆ. ಬಹುಪಾಲು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದವು. ಅಲ್ಲಿನ ಮಣ್ಣು ಹುಳಿ, ಜಾಸ್ತಿ ಮರಳು, ಸತ್ವ ಕಡಿಮೆ. ಎರಿಕಾದ ಬೇರು ಕೂದಲಿಗಿಂತ ಸಣ್ಣ. ಆ ಬೇರಿನ ಒಳಗೇ ಒಂದು ಬಗೆಯ ಶಿಲೀಂಧ್ರ ಇರುತ್ತದೆ. ಅದು ಬಡ ಮಣ್ಣಿನಿಂದ ಸಾರಜನಕ, ರಂಜಕ ಎತ್ತಿ ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ಸರಿಯಾಗಿ ನಡೆಯುವುದು ಹುಳಿ ಮಣ್ಣಲ್ಲಿ. ನಾವು ಮಾಡುವುದೇನು? ಪ್ರೀತಿಯಿಂದ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಮೇಲೊಂದಿಷ್ಟು ಡಿಎಪಿ, ಆಮೇಲೆ ದಿನವೂ ಸುಣ್ಣದಂಶದ ಗಡಸು ನೀರು. ಸುಣ್ಣ ಹೆಚ್ಚಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಚಿಗುರು ಹಳದಿಯಾಗುತ್ತದೆ. ಹಳದಿ ಆಯ್ತಲ್ಲ ಅಂತ ಮತ್ತೆ ಗೊಬ್ಬರ! ಮಳೆಯ ಲೆಕ್ಕವೂ ತಿರುಗುಮುರುಗು. ಕೇಪ್‌ಟೌನ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನಮಗೆ ಮೇ ತಿಂಗಳ ಸೆಕೆಯಲ್ಲೇ ಶುರು. ಬೆಚ್ಚಗಿನ ಒದ್ದೆ ಮಣ್ಣಲ್ಲಿ ಅಂಥ ಬೇರು ಕೊಳೆಯಲು ತಡವಾಗುವುದಿಲ್ಲ.

ಇಲ್ಲಿ ಬರದ ಗಿಡದ ಬಗ್ಗೆ ಇಷ್ಟೊಂದು ಯಾಕೆ ಅನ್ನಬಹುದು. ಎರಿಕಾ ವರ್ಟಿಸಿಲೇಟಾ ಎಂಬ ಒಂದು ಜಾತಿಯ ಕಥೆ ನರ್ಸರಿ ಕೆಲಸದವರಿಗೆಲ್ಲ ಗೊತ್ತಿರಬೇಕು, ಅದಕ್ಕೆ. ಆಳೆತ್ತರದ ಪೊದೆ. ಗುಲಾಬಿಗೆ ನೇರಳೆ ಬೆರೆತ ಕೊಳವೆ ಹೂಗಳು ಕೊಂಬೆಯ ಸುತ್ತ ಸುತ್ತುಸುತ್ತಾಗಿ ಬಿಡುತ್ತವೆ, ಸೂರಕ್ಕಿಯ ಕೊಕ್ಕಿಗೆ ಹೇಳಿ ಮಾಡಿಸಿದ ಹಾಗೆ. ಪ್ರಪಂಚದಲ್ಲಿ ಇದು ತಾನಾಗಿ ಬೆಳೆಯುತ್ತಿದ್ದದ್ದು ಕೇಪ್‌ಟೌನಿನ ಕೇಪ್ ಫ್ಲ್ಯಾಟ್ಸ್ ಎಂಬ ಮರಳು ಬಯಲಲ್ಲಿ ಮಾತ್ರ. ಊರು ಬೆಳೆಯಿತು, ಬಯಲು ಬಡಾವಣೆಯಾಯಿತು. ರಿಂಗ್ ರೋಡ್ ಆಚೆಯ ಲೇಔಟ್‌ಗಳನ್ನು ನೋಡಿದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳೆದ ಶತಮಾನದ ನಡುವಿನ ಹೊತ್ತಿಗೆ ಬಯಲಲ್ಲಿ ಒಂದು ಗಿಡವೂ ಉಳಿದಿರಲಿಲ್ಲ.

1984ರಲ್ಲಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪ್ರಿಟೋರಿಯಾದ ಪ್ರೋಟಿಯಾ ಪಾರ್ಕಿನಲ್ಲಿ ಒಂದು ಗಿಡ ಸಿಕ್ಕಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲೂ ವಿಯೆನ್ನಾದ ಬೆಲ್ವೆಡೆರ್ ತೋಟದಲ್ಲೂ ಇದೇ ಜಾತಿ ಇತ್ತು. 18ನೇ ಶತಮಾನದ ಕೊನೆಗೆ ವಿಯೆನ್ನಾದ ಅರಮನೆಯವರಿಗೆ ಕೇಪ್‌ನಿಂದ ಗಿಡ ತರಿಸುವ ಗೀಳಿತ್ತು. ರಾಜರು ಹೋದರೂ ಮಾಲಿಗಳು ಕಡ್ಡಿ ಕತ್ತರಿಸಿ ನೆಡುವುದನ್ನು ಬಿಡಲಿಲ್ಲ. ಹೀಗೆ ಚದುರಿಹೋಗಿದ್ದ ಗಿಡಗಳ ಕಡ್ಡಿ ತರಿಸಿ, ಕೇಪ್‌ಟೌನಿನ ಕರ್ಸ್ಟನ್‌ಬಾಶ್ ಉದ್ಯಾನದವರು ಒಂದೆಡೆ ಸೇರಿಸಿದರು.

ಒಂದು ಗಿಡದಿಂದಲೇ ಸಾವಿರ ಮಾಡಬಹುದಿತ್ತು ಅಲ್ವಾ? ಮಾಡಬಹುದು. ಆದರೆ ಕಡ್ಡಿಯಿಂದ ಬಂದ ಸಾವಿರವೂ ಅದೇ ಗಿಡದ ನಕಲು. ಒಂದಕ್ಕೆ ತಡೆಯಲಾಗದ ರೋಗ ಬಂತೆಂದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬೇರೆ ಬೇರೆ ಮೂಲದವು ಅಕ್ಕಪಕ್ಕ ಇದ್ದರೆ ಪರಾಗ ಅದಲುಬದಲಾಗಿ ಬೀಜ ಚೆನ್ನಾಗಿ ಕಟ್ಟುತ್ತದೆ. ಬೀಜಕ್ಕೂ ಒಂದು ಹಟ ಇದೆ, ಹೊಗೆ ಸೋಕಬೇಕು. ಆ ಸೀಮೆಯ ಕುರುಚಲಿಗೆ ಹತ್ತು-ಹದಿನೈದು ವರ್ಷಕ್ಕೊಮ್ಮೆ ಬೆಂಕಿ ಬೀಳುವುದು ಮಾಮೂಲು. ಅದರ ಹಿಂದೆ ಬರುವ ಚಳಿಗಾಲದ ಮಳೆಗೆ ಬೀಜ ಮೊಳೆಯುತ್ತದೆ. ನರ್ಸರಿಯಲ್ಲಾದರೆ ಹೊಗೆ ಹಿಡಿಸಿದ ನೀರಲ್ಲಿ ನೆನೆಹಾಕುತ್ತಾರೆ.

1994ರಲ್ಲಿ ಕೇಪ್‌ಟೌನಿನ ರೊಂಡೆವ್ಲೈ ರಕ್ಷಿತ ಪ್ರದೇಶದಲ್ಲಿ ಇದನ್ನು ಮತ್ತೆ ನೆಟ್ಟರು. ಆಮೇಲೆ ಕೆನಿಲ್‌ವರ್ತ್ ರೇಸ್‌ಕೋರ್ಸಿನಲ್ಲೂ ನೆಟ್ಟರು. ಕುದುರೆ ಓಡುವ ಸುತ್ತಿನ ಒಳಗೆ ಯಾರೂ ಮನೆ ಕಟ್ಟಲಿಲ್ಲ, ಅದಕ್ಕೇ ಅಲ್ಲಿ ಹಳೆಯ ಮಣ್ಣು ಹಾಗೇ ಉಳಿದಿತ್ತು. ಗಿಡವನ್ನು ಕುಂಡದಲ್ಲಿ ಉಳಿಸಿಕೊಳ್ಳಬಹುದು. ಅದರ ಮಣ್ಣನ್ನು ಹಾಗೆ ಎತ್ತಿಡಲು ಆಗುವುದಿಲ್ಲ.

ಎರಿಕಾ ಸೇರಿದ ಸಸ್ಯ ಕುಟುಂಬದ ಗಿಡ ನಮಗೂ ಹತ್ತಿರದಲ್ಲೇ ಇದೆ. ಊಟಿ ಕಡೆ ಹೋದವರು ಶೋಲಾ ಕಾಡಿನ ಅಂಚಲ್ಲಿ ಕಡುಗೆಂಪು ಹೂವಿನ ರೋಡೋಡೆಂಡ್ರಾನ್ ನೋಡಿರುತ್ತೀರಿ. ನೀಲಗಿರಿ, ಪಳನಿ, ಆನೆಮಲೆಯ ಎತ್ತರದಲ್ಲಿ ಬಿಟ್ಟರೆ ದಕ್ಷಿಣದಲ್ಲಿ ಅದು ಕಾಣಸಿಗುವುದು ಕಡಿಮೆ. "ಒಂದು ಸಸಿ ಕಿತ್ತು ತರ್ಲಾ?" ಅಂತ ಕೇಳುತ್ತಾರೆ. ಬೇಡಿ. ಕಾಡಿನ ಗಿಡ ಕೀಳುವುದು ಅಪರಾಧ. ಅದೂ ಅಲ್ಲದೆ ಊಟಿ ಇರುವುದು 2,200 ಮೀಟರ್ ಮೇಲೆ, ಮೈಸೂರು 770ರ ಆಸುಪಾಸು. ಏಪ್ರಿಲ್ ಬಿಸಿಲಿಗೇ ಅದರ ಕಥೆ ಮುಗಿಯುತ್ತದೆ.

ಕೊಳವೆ ಹೂ ಬೇಕು, ಸೂರಕ್ಕಿ ಬರಬೇಕು ಅಷ್ಟೇ ಅಂದರೆ ರಸ್ಸೇಲಿಯಾ ಹಾಕಿ. ನಮ್ಮ ಬಿಸಿಲು, ನಮ್ಮ ನೀರು ಎರಡಕ್ಕೂ ಜಗ್ಗುವುದಿಲ್ಲ. ಇಲ್ಲ, ಈ ಕುಟುಂಬದ್ದೇ ಬೇಕು ಅನ್ನುವವರು ನರ್ಸರಿಯಲ್ಲಿ ಬೆಳೆಸಿದ ಅಜೇಲಿಯಾ ತನ್ನಿ. ಬೆಳಗಿನ ಬಿಸಿಲು ಸಾಕು. ಚೆನ್ನಾಗಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರಲಿ, ತಾರಸಿಯ ಮಳೆನೀರು ಹಿಡಿದಿಟ್ಟು ಅದನ್ನೇ ಹಾಕಿ. ಕೊಟ್ಟಿಗೆ ಗೊಬ್ಬರದ ಚೀಲ ಮಾತ್ರ ಆ ಕುಂಡದ ಹತ್ತಿರ ಸುಳಿಯಬಾರದು.